ಸ್ಕ್ರೀನಿಂಗ್ ತಂತ್ರಾಂಶದಲ್ಲಿ ಕ್ವೆರಿ ಹಾಕಿ ವೈದ್ಯಕೀಯ ಲೇಖನಗಳನ್ನು ಸೋಸುವ ಕ್ರಮ

ಸಿಸ್ಟಮ್ಯಾಟಿಕ್ ರಿವ್ಯೂಗಾಗಿ (ಒಂದು ಪ್ರಶ್ನೆಯ ಬಗ್ಗೆ ನಡೆದ ಎಲ್ಲ ಅಧ್ಯಯನಗಳನ್ನೂ ಕ್ರಮವಾಗಿ ಹುಡುಕಿ ಒಟ್ಟಿಗೆ ನೋಡುವ ಕೆಲಸ) ಪಬ್‌ಮೆಡ್, ಎಂಬೇಸ್, ಸ್ಕೋಪಸ್ ಎಂಬ ಡೇಟಾಬೇಸ್‌ಗಳಿಂದ ತಂದ ಲೇಖನಗಳನ್ನು ರಯ್ಯಾನ್, ಕೋವಿಡೆನ್ಸ್, ಡಿಸ್ಟಿಲರ್‌ಎಸ್‌ಆರ್‌ನಂಥ ಸ್ಕ್ರೀನಿಂಗ್ ತಂತ್ರಾಂಶಕ್ಕೆ ಹಾಕಿದಾಗ ಪಟ್ಟಿ ಸಾವಿರಗಳಲ್ಲಿ ಇರುವುದು ಸಾಮಾನ್ಯ. ಮೇಲಿನಿಂದ ಒಂದೊಂದೇ ಓದುತ್ತ ಹೋದರೆ ಒಂದು ಲಸಿಕೆಯ ಲೇಖನ, ಮುಂದಿನದು ಉಣುಗಿನ ಜೀವಶಾಸ್ತ್ರ, ಅದರ ಮುಂದಿನದು ಇನ್ನಾವುದೋ ಕಾಯಿಲೆ. ಗಮನ ತಪ್ಪುವುದು ಈ ಜಿಗಿದಾಟದಲ್ಲೇ. ತಂತ್ರಾಂಶದ ಒಳಗಿರುವ ಹುಡುಕು ಪೆಟ್ಟಿಗೆಯಿಂದ ಒಂದೇ ಬಗೆಯ ಲೇಖನಗಳನ್ನು ಒಟ್ಟಿಗೆ ತಂದು ಓದಿದರೆ ಕೆಲಸವೂ ಬೇಗ, ತೀರ್ಮಾನಗಳೂ ಒಂದೇ ತೂಕದಲ್ಲಿ ಇರುತ್ತವೆ.

ಆದರೆ ಇದೇ ಪೆಟ್ಟಿಗೆಯಿಂದ ಒಂದು ತಪ್ಪು ಹುಡುಕು ಸಾಲು (ಕ್ವೆರಿ) ಬರೆದು, ಸಿಕ್ಕ 800 ಲೇಖನಗಳನ್ನು ಒಟ್ಟಿಗೆ 'ಎಕ್ಸ್‌ಕ್ಲೂಡ್' ಮಾಡಿಬಿಟ್ಟರೆ ರಿವ್ಯೂವಿನ ಅತಿ ಮುಖ್ಯ ಅಧ್ಯಯನವೇ ಆ ರಾಶಿಯಲ್ಲಿ ಹೋಗಿರಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯ ಉದ್ದಕ್ಕೂ ಒಂದೇ ನಿಯಮ: ಕ್ವೆರಿ ಲೇಖನಗಳನ್ನು ಗುಂಪು ಮಾಡಲಿ, ತೀರ್ಪು ಓದಿದವರೇ ಕೊಡಲಿ.

ಉದಾಹರಣೆಗೆ ತೆಗೆದುಕೊಂಡಿರುವ ಪ್ರಶ್ನೆ: ಮಂಗನ ಕಾಯಿಲೆಯ ಲಸಿಕೆ ಮನುಷ್ಯರಿಗೆ ಎಷ್ಟು ರಕ್ಷಣೆ ಕೊಟ್ಟಿದೆ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಗುರುತಿಸಿದ ಈ ರೋಗ, ಕ್ವೆರಿ ಕಲಿಯುವವರಿಗೆ ಬಹಳ ಒಳ್ಳೆಯ ಪಾಠ. ಹಳೆಯ ಸಾಹಿತ್ಯ, ಬದಲಾದ ಊರ ಹೆಸರುಗಳು, ಒಂದೇ ಲೇಖನದಲ್ಲಿ ಮಂಗ, ಇಲಿ, ಮನುಷ್ಯ, ಜೊತೆಗೆ ಇನ್ನೊಂದು ಕಾಯಿಲೆಯೊಂದಿಗೆ ಹಂಚಿಕೊಂಡ ಸಂಕ್ಷೇಪಾಕ್ಷರ: ಎಲ್ಲ ತೊಡಕುಗಳೂ ಇದರಲ್ಲಿವೆ. ಕೆಳಗಿನ ಕ್ವೆರಿಗಳು ಕನ್ನಡ ಲಿಪಿಯಲ್ಲಿವೆ. ಪೆಟ್ಟಿಗೆಯಲ್ಲಿ ಇವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಕ್ವೆರಿಗೆ ಮೊದಲು ಫೈಲ್ ನೋಡಿ

ಮೊದಲು ಡೂಪ್ಲಿಕೇಟ್‌ಗಳನ್ನು ತೆಗೆಯಿರಿ. ಒಂದೇ ಲೇಖನ ಮೂರು ಡೇಟಾಬೇಸ್‌ಗಳಿಂದ ಮೂರು ಸಲ ಬಂದಿದ್ದರೆ ಮುಂದೆ ನೀವು ಬರೆದಿಡುವ ಯಾವ ಸಂಖ್ಯೆಯೂ ಸರಿಯಿರುವುದಿಲ್ಲ.

ಆಮೇಲೆ ಸಾರಾಂಶ ಇಲ್ಲದ ದಾಖಲೆಗಳು ಎಷ್ಟು ಎಂದು ಎಣಿಸಿ. ತಂತ್ರಾಂಶದಲ್ಲಿ ಅದಕ್ಕೆ ಫಿಲ್ಟರ್ ಇಲ್ಲದಿದ್ದರೆ ಪಟ್ಟಿಯನ್ನು ಸಿಎಸ್‌ವಿ ಆಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಸಾರಾಂಶದ ಕಾಲಂನಲ್ಲಿ ಖಾಲಿ ಕೋಶಗಳನ್ನು ಸೋಸಿ. ಖಾಲಿ ಇರುವುದಕ್ಕೆ ಎರಡು ಕಾರಣಗಳಿರುತ್ತವೆ, ಎರಡಕ್ಕೂ ಪರಿಹಾರ ಬೇರೆ.

ಒಂದು, ಲೇಖನಕ್ಕೆ ನಿಜಕ್ಕೂ ಸಾರಾಂಶ ಇಲ್ಲ. ಪಬ್‌ಮೆಡ್‌ನಲ್ಲಿ 1975ಕ್ಕೆ ಹಿಂದಿನ ದಾಖಲೆಗಳಿಗೆ ಸಾಮಾನ್ಯವಾಗಿ ಸಾರಾಂಶ ಇರುವುದಿಲ್ಲ. ಮಂಗನ ಕಾಯಿಲೆಯ ಮೊದಲ ಲಸಿಕೆ ಪ್ರಯೋಗಗಳು ವರದಿಯಾದದ್ದು 1960ರ ದಶಕದಲ್ಲಿ, ಅಂದರೆ ಶೀರ್ಷಿಕೆ ಬಿಟ್ಟರೆ ಹುಡುಕಲು ಬೇರೆ ಪಠ್ಯವೇ ಇಲ್ಲ. ಸಂಪಾದಕರಿಗೆ ಬರೆದ ಪತ್ರಗಳಿಗೂ ಸಾರಾಂಶ ಇರುವುದು ಅಪರೂಪ. ಹೊಸ ಊರಿನಲ್ಲಿ ರೋಗ ಕಾಣಿಸಿದ ಸುದ್ದಿ ಎಷ್ಟೋ ಸಲ ಮೊದಲು ಬರುವುದು ಇಂಥ ಪತ್ರ, ಕಿರುವರದಿಗಳಲ್ಲೇ.

ಎರಡು, ಸಾರಾಂಶ ಇತ್ತು, ಆಮದಿನಲ್ಲಿ ಕಳೆದುಹೋಯಿತು. ಲೇಖನಗಳ ವಿವರ ಇಳಿಸಿಕೊಳ್ಳುವ ಆರ್‌ಐಎಸ್ ಫೈಲ್‌ಗಳಲ್ಲಿ ಕೆಲವು ಡೇಟಾಬೇಸ್‌ಗಳು ಸಾರಾಂಶವನ್ನು 'ಎಬಿ' ಟ್ಯಾಗ್‌ನಡಿ ಬರೆಯುತ್ತವೆ, ಕೆಲವು 'ಎನ್2' ಅಡಿಯಲ್ಲಿ. ತಂತ್ರಾಂಶ ಒಂದನ್ನು ಮಾತ್ರ ಓದಿದರೆ ಇನ್ನೊಂದರ ಸಾರಾಂಶಗಳೆಲ್ಲ ಮಾಯ. ಒಂದೇ ಡೇಟಾಬೇಸಿನಿಂದ ಬಂದ ಅಷ್ಟೂ ಲೇಖನಗಳು ಖಾಲಿ ಕಾಣಿಸಿದರೆ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಟ್ಯಾಗ್ ನೋಡಿ, ಎಲ್ಲ ಕಡೆ ಬದಲಿಸಿ, ಮತ್ತೆ ಆಮದು ಮಾಡಿ. ಸ್ಕ್ರೀನಿಂಗ್ ಅರ್ಧಕ್ಕೆ ಬಂದ ಮೇಲೆ ಇದು ಬೆಳಕಿಗೆ ಬಂದರೆ ಸರಿಪಡಿಸುವುದು ತುಂಬ ಕಷ್ಟ.

ನಿಜಕ್ಕೂ ಖಾಲಿ ಇರುವವುಗಳಿಗೆ 'ಸಾರಾಂಶ ಇಲ್ಲ' ಎಂಬ ಲೇಬಲ್ ಹಾಕಿ ಬದಿಗಿಡಿ. ಈ ಗುಂಪಿನ ಮೇಲೆ ಯಾವ ಕ್ವೆರಿಯನ್ನೂ ಓಡಿಸಬೇಡಿ, ಪೂರ್ತಿ ಕೈಯಿಂದಲೇ ನೋಡಿ.

ಪೆಟ್ಟಿಗೆಯ ಸ್ವಭಾವ ತಿಳಿಯಿರಿ

ಪಬ್‌ಮೆಡ್‌ನಲ್ಲಿ ಕೆಲಸ ಮಾಡಿದ ಕ್ವೆರಿ ಸ್ಕ್ರೀನಿಂಗ್ ತಂತ್ರಾಂಶದಲ್ಲೂ ಹಾಗೆಯೇ ನಡೆಯುತ್ತದೆ ಎಂದು ನಂಬಬೇಡಿ. ಪಬ್‌ಮೆಡ್ ನಿಮ್ಮ ಪದವನ್ನು ತಾನೇ ಮೆಶ್ ಪದಕ್ಕೆ (ಲೇಖನಗಳಿಗೆ ಹಚ್ಚುವ ನಿಗದಿತ ವಿಷಯಸೂಚಕ ಪದ) ಹೊಂದಿಸಿ ಸಮಾನಾರ್ಥಕಗಳನ್ನೂ ಹುಡುಕುತ್ತದೆ. ಸ್ಕ್ರೀನಿಂಗ್ ತಂತ್ರಾಂಶದಿಂದ ಅದನ್ನು ನಿರೀಕ್ಷಿಸಬೇಡಿ. ನೀವು ಬರೆದ ಅಕ್ಷರಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ ಎಂದುಕೊಂಡೇ ಬರೆಯಿರಿ. ಒಂದು ತಂತ್ರಾಂಶಕ್ಕೂ ಇನ್ನೊಂದಕ್ಕೂ, ಕೆಲವೊಮ್ಮೆ ಅದರ ಹಳೆಯ ಆವೃತ್ತಿಗೂ ಹೊಸದಕ್ಕೂ ವರ್ತನೆ ಬೇರೆಯಾಗಬಹುದು. ಅದಕ್ಕೇ ಈ ಸಣ್ಣ ಪರೀಕ್ಷೆಗಳು, ಪ್ರತಿ ಹೊಸ ಪ್ರಾಜೆಕ್ಟಿನಲ್ಲೂ.

1. ಇಲಿಗೆ ಇಂಗ್ಲಿಷಿನಲ್ಲಿರುವ 'ರ‍್ಯಾಟ್' ಎಂಬ ಮೂರಕ್ಷರದ ಪದ ಹಾಕಿ. ಪಟ್ಟಿಯ ಬಹುಪಾಲು ಲೇಖನಗಳು ಬಂದರೆ ತಂತ್ರಾಂಶ ಪೂರ್ಣಪದವನ್ನು ಹುಡುಕುತ್ತಿಲ್ಲ, ಅಕ್ಷರಗಳ ತುಣುಕನ್ನು ಹುಡುಕುತ್ತಿದೆ. ಡ್ಯುರೇಷನ್, ಲ್ಯಾಬೊರೇಟರಿ, ಲಿಟರೇಚರ್, ಸ್ಟ್ರಾಟಜಿ ಪದಗಳ ಇಂಗ್ಲಿಷ್ ಕಾಗುಣಿತದೊಳಗೆಲ್ಲ ಆ ಮೂರಕ್ಷರಗಳಿವೆ.

2. ಎರಡೂ ಪದ ಇರಲೇಬೇಕು ಎನ್ನುವ 'ಆ್ಯಂಡ್' ಅನ್ನು ಒಮ್ಮೆ ದೊಡ್ಡಕ್ಷರದಲ್ಲಿ, ಒಮ್ಮೆ ಸಣ್ಣಕ್ಷರದಲ್ಲಿ ಬರೆದು ಸಂಖ್ಯೆ ಹೋಲಿಸಿ. ಸಣ್ಣಕ್ಷರದ್ದನ್ನು ಸಾಮಾನ್ಯ ಪದವೆಂದು ಓದುವ ತಂತ್ರಾಂಶಗಳಿವೆ. ದೊಡ್ಡಕ್ಷರವನ್ನೇ ರೂಢಿ ಮಾಡಿಕೊಳ್ಳಿ.

3. "ಮಂಕಿ ಫೀವರ್" ಎಂದು ಉದ್ಧರಣ ಚಿಹ್ನೆಯೊಳಗೆ ಮತ್ತು ಚಿಹ್ನೆ ಇಲ್ಲದೆ ಹಾಕಿ ನೋಡಿ. ಸಂಖ್ಯೆ ಒಂದೇ ಬಂದರೆ ಪದಗುಚ್ಛ ಹುಡುಕಾಟ ನಡೆಯುತ್ತಿಲ್ಲದಿರಬಹುದು. ವರ್ಡ್ ಫೈಲಿನಿಂದ ಕಾಪಿ ಮಾಡಿದರೆ ಬರುವ ಬಾಗಿದ ಚಿಹ್ನೆಗಳನ್ನು ಅನೇಕ ತಂತ್ರಾಂಶಗಳು ಗುರುತಿಸುವುದಿಲ್ಲ. ಪೆಟ್ಟಿಗೆಯಲ್ಲೇ ನೇರ ಚಿಹ್ನೆ ಟೈಪ್ ಮಾಡಿ.

4. ವ್ಯಾಕ್ಸಿನ್, ವ್ಯಾಕ್ಸಿನೇಷನ್, ನಕ್ಷತ್ರ ಚಿಹ್ನೆ ಹಾಕಿದ ವ್ಯಾಕ್ಸಿನ್* ಮೂರನ್ನೂ ಬೇರೆಬೇರೆಯಾಗಿ ಓಡಿಸಿ. ಇಂಗ್ಲಿಷಿನಲ್ಲಿ ನಕ್ಷತ್ರ ಬರಬೇಕಾದದ್ದು ಕೊನೆಯ 'ಇ' ಅಕ್ಷರವನ್ನು ಬಿಟ್ಟ ಮೇಲೆ, ಇಲ್ಲದಿದ್ದರೆ ವ್ಯಾಕ್ಸಿನೇಷನ್ ಸಿಗದು. ನಕ್ಷತ್ರದ ಸಂಖ್ಯೆ ಉಳಿದೆರಡಕ್ಕಿಂತ ಕಡಿಮೆ ಇರಕೂಡದು.

5. ಆವರಣ ಚಿಹ್ನೆಯ ಪರೀಕ್ಷೆ ('ಆರ್' ಎಂದರೆ ಯಾವುದಾದರೂ ಒಂದು ಪದ ಇದ್ದರೆ ಸಾಕು): ಟಿಕ್ ಆರ್ ಮಂಕಿ ಆ್ಯಂಡ್ ವ್ಯಾಕ್ಸಿನ್* ಎಂದು ಹಾಕಿ, ಮತ್ತೆ (ಟಿಕ್ ಆರ್ ಮಂಕಿ) ಆ್ಯಂಡ್ ವ್ಯಾಕ್ಸಿನ್* ಎಂದು ಹಾಕಿ. ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತದೆ, ಬೇರೆ ಹಲವು ವ್ಯವಸ್ಥೆಗಳು ಆ್ಯಂಡ್ ಅನ್ನು ಮೊದಲು ಬಿಡಿಸುತ್ತವೆ. ಆವರಣ ಇದ್ದರೆ ಈ ಗೊಂದಲವೇ ಬರುವುದಿಲ್ಲ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಒಂದು ಕೂಡುವ ಲೆಕ್ಕ. ಯಾವುದಾದರೂ ಪದ ತೆಗೆದುಕೊಂಡು ಅದು ಇರುವ ಲೇಖನಗಳ ಸಂಖ್ಯೆ, ಅದು ಇಲ್ಲದವನ್ನು ಕೇಳುವ ನಾಟ್ ಹಾಕಿದಾಗ ಬರುವ ಸಂಖ್ಯೆ ಎರಡನ್ನೂ ಕೂಡಿಸಿ. ಮೊತ್ತ ಒಟ್ಟು ಲೇಖನಗಳಷ್ಟೇ ಇರಬೇಕು. ಒಟ್ಟು 1,200 ಇದ್ದು, ಪದ ಇರುವವು 300, ಇಲ್ಲದವು 780 ಎಂದು ಬಂತು ಅನ್ನೋಣ. ಉಳಿದ 120 ಎಲ್ಲಿ? ಹೆಚ್ಚಿನ ಸಂದರ್ಭದಲ್ಲಿ ಅವು ಸಾರಾಂಶ ಖಾಲಿಯಿರುವ ದಾಖಲೆಗಳು. ಖಾಲಿ ಕಾಲಂ 'ಇದೆ' ಎಂಬುದಕ್ಕೂ ಹೊಂದುವುದಿಲ್ಲ, 'ಇಲ್ಲ' ಎಂಬುದಕ್ಕೂ ಹೊಂದುವುದಿಲ್ಲ ಎಂದು ಕೆಲವು ಡೇಟಾಬೇಸ್ ವ್ಯವಸ್ಥೆಗಳು ಲೆಕ್ಕ ಹಾಕುತ್ತವೆ. ಅಂಥ ತಂತ್ರಾಂಶದಲ್ಲಿ ನೀವು ಗುಂಪು ಗುಂಪಾಗಿ ಓದಿ ಎಲ್ಲ ಮುಗಿಯಿತು ಎಂದುಕೊಂಡಾಗಲೂ ಹಳೆಯ ಲೇಖನಗಳು ಯಾವ ಗುಂಪಿಗೂ ಸೇರದೆ ಉಳಿದಿರುತ್ತವೆ.

ಪದಗಳನ್ನು ಕಟ್ಟುವುದು

ಪ್ರಶ್ನೆಯನ್ನು ತುಂಡು ಮಾಡಿ: ಕಾಯಿಲೆ, ಲಸಿಕೆ, ಮನುಷ್ಯರು. ಒಂದೊಂದು ತುಂಡಿಗೂ ಸಮಾನಾರ್ಥಕಗಳನ್ನು ಆರ್‌ನಿಂದ ಜೋಡಿಸಿ, ತುಂಡುಗಳ ನಡುವೆ ಆ್ಯಂಡ್ ಹಾಕಿ. ಮೊದಲ ಗುಂಪಿಗೆ ಎರಡು ತುಂಡು ಸಾಕು, ಮೂರನೆಯದನ್ನು ಸೇರಿಸಬೇಡಿ. ಮನುಷ್ಯರ ಮೇಲಿನ ಅಧ್ಯಯನದ ಸಾರಾಂಶದಲ್ಲಿ 'ಹ್ಯೂಮನ್' ಎಂಬ ಪದ ಇರಲೇಬೇಕೆಂದಿಲ್ಲ. ಹಳ್ಳಿಗರು, ಪ್ರಕರಣಗಳು, ಕುಟುಂಬಗಳು, ಲಸಿಕೆ ಪಡೆದವರು ಎಂದೇ ಬರೆದಿರುತ್ತಾರೆ.

ಕಾಯಿಲೆಯ ತುಂಡು ಹೀಗೆ (ಕೆಎಫ್‌ಡಿ ಎಂದರೆ ಕ್ಯಾಸನೂರ್ ಫಾರೆಸ್ಟ್ ಡಿಸೀಸ್, ಕೆಎಫ್‌ಡಿವಿ ಅದರ ವೈರಸ್):

(ಕ್ಯಾಸನೂರ್* ಆರ್ ಕೆಎಫ್‌ಡಿ ಆರ್ ಕೆಎಫ್‌ಡಿವಿ ಆರ್ "ಮಂಕಿ ಫೀವರ್" ಆರ್ "ಮಂಕಿ ಡಿಸೀಸ್" ಆರ್ ಅಲ್‌ಖುರ್ಮಾ ಆರ್ ಅಲ್‌ಖುಮ್ರಾ)

ಕೊನೆಯ ಎರಡು ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಕಂಡ, ಮಂಗನ ಕಾಯಿಲೆಯ ವೈರಸ್‌ಗೆ ಬಹಳ ಹತ್ತಿರದ ವೈರಸ್‌ನ ಹೆಸರುಗಳು. ಎರಡು ಕಾಗುಣಿತವೂ ಸಾಹಿತ್ಯದಲ್ಲಿ ಬಳಕೆಯಲ್ಲಿವೆ. ನಿಮ್ಮ ಪ್ರಶ್ನೆಗೆ ಅದು ಬೇಡವಾದರೆ ಬಿಡಿ, ಬಿಟ್ಟದ್ದನ್ನು ಬರೆದಿಡಿ.

ಇಲ್ಲಿ ಬರೀ 'ಫಾರೆಸ್ಟ್' ಹಾಕಿದರೆ 'ಫಾರೆಸ್ಟ್ ಪ್ಲಾಟ್' ಇರುವ ಮೆಟಾ-ಅನಾಲಿಸಿಸ್‌ಗಳು, 'ರ‍್ಯಾಂಡಮ್ ಫಾರೆಸ್ಟ್' ಬಳಸಿದ ಮಷೀನ್ ಲರ್ನಿಂಗ್ ಲೇಖನಗಳು ಬಂದು ತುಂಬುತ್ತವೆ. ಮಂಕಿ* ಎಂದು ನಕ್ಷತ್ರ ಹಾಕಿದರೆ ಮಂಕಿಪಾಕ್ಸ್ ಬರುತ್ತದೆ, 2022ರ ನಂತರ ಅದರ ಸಾಹಿತ್ಯ ಅಪಾರ. ಟಿಕ್* ಎಂದರೆ ಟಿಕೆಟ್ ಕೂಡ. ನಕ್ಷತ್ರವನ್ನು ಪದದ ಬೇರು ಗಟ್ಟಿಯಾಗಿದ್ದಾಗ ಮಾತ್ರ ಬಳಸಿ. ಪಬ್‌ಮೆಡ್ ಅಂತೂ ನಕ್ಷತ್ರದ ಮೊದಲು ಕನಿಷ್ಠ 4 ಅಕ್ಷರ ಕೇಳುತ್ತದೆ.

ಲಸಿಕೆಯ ತುಂಡು:

(ವ್ಯಾಕ್ಸಿನ್* ಆರ್ ಇಮ್ಯುನೈಝ್* ಆರ್ ಇಮ್ಯುನೈಸ್* ಆರ್ ಇನಾಕ್ಯುಲೇಟ್* ಆರ್ ಬೂಸ್ಟರ್ ಆರ್ "ಫಾರ್ಮಲಿನ್ ಇನ್ಆ್ಯಕ್ಟಿವೇಟೆಡ್")

ಅಮೆರಿಕನ್ನರ 'ಝೆಡ್', ಬ್ರಿಟಿಷರ 'ಎಸ್' ಎರಡೂ ಬೇಕು. ಭಾರತದ ಪತ್ರಿಕೆಗಳಲ್ಲಿ ಎರಡೂ ಸಿಗುತ್ತವೆ. ರಕ್ತಸ್ರಾವದ ಜ್ವರ ಎಂಬರ್ಥದ 'ಹೆಮರೇಜಿಕ್' ಪದಕ್ಕೂ ಹೀಗೆಯೇ 'ಎಚ್‌ಇ' ಮತ್ತು 'ಎಚ್‌ಎಇ' ಎಂದು ಶುರುವಾಗುವ ಎರಡು ರೂಪ. 'ಟಿಕ್-ಬಾರ್ನ್' ಪದಕ್ಕೆ ಮೂರು ರೂಪ: ಅಡ್ಡಗೆರೆ ಇರುವುದು, ನಡುವೆ ಜಾಗ ಬಿಟ್ಟದ್ದು, ಕೂಡಿಸಿ ಬರೆದದ್ದು. ಅಡ್ಡಗೆರೆಯನ್ನು ತಂತ್ರಾಂಶ ಹೇಗೆ ಓದುತ್ತದೆ ಎಂಬ ಅನುಮಾನಕ್ಕಿಂತ ಮೂರನ್ನೂ ಬರೆಯುವುದು ಸುಲಭ.

ಊರಿನ ಹೆಸರಿನಿಂದ ಸೋಸುವ ಆಸೆಯನ್ನು ಬಿಡುವುದು ಒಳ್ಳೆಯದು. ಗುಂಪು ಮಾಡಲೇಬೇಕಿದ್ದರೆ ಶಿವಮೊಗ್ಗಕ್ಕೆ ಶಿಮೊಗಾ, ಉತ್ತರ ಕನ್ನಡಕ್ಕೆ ನಾರ್ತ್ ಕೆನರಾ, ಚಿಕ್ಕಮಗಳೂರಿಗೆ ಚಿಕ್‌ಮಗಳೂರ್, 1973ಕ್ಕೆ ಹಿಂದಿನದಕ್ಕೆಲ್ಲ ಮೈಸೂರ್ ಸ್ಟೇಟ್ ಎಂಬ ಹಳೆಯ ಇಂಗ್ಲಿಷ್ ರೂಪಗಳನ್ನು ಸೇರಿಸಬೇಕು. 'ಕರ್ನಾಟಕ' ಎಂದಷ್ಟೇ ಹಾಕಿದವರಿಗೆ 2013ರ ನಂತರದ ವಯನಾಡ್, 2015ರ ಗೋವಾ, 2016ರ ಸಿಂಧುದುರ್ಗದ ವರದಿಗಳೂ ತಪ್ಪಿಹೋಗುತ್ತವೆ.

ಕ್ವೆರಿ ಸಿದ್ಧವಾದ ಮೇಲೆ, ಸಿಗಲೇಬೇಕು ಎಂದು ನಿಮಗೆ ಮೊದಲೇ ಗೊತ್ತಿರುವ ಲೇಖನಗಳಿಂದ ಪರೀಕ್ಷಿಸಿ. ಈ ಪ್ರಶ್ನೆಗೆ ಮೂರು ಒಳ್ಳೆಯ ಪರೀಕ್ಷಾ ಲೇಖನಗಳು: ರಷ್ಯನ್ ಸ್ಪ್ರಿಂಗ್-ಸಮ್ಮರ್ ಎನ್ಸೆಫಲೈಟಿಸ್ ಬಗೆಯ ವೈರಸ್‌ನ ಲಸಿಕೆಯನ್ನು ಮಂಗನ ಕಾಯಿಲೆಗೆ ಪ್ರಯೋಗಿಸಿದ 1960ರ ದಶಕದ ವರದಿ, ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಫಾರ್ಮಲಿನ್ ಲಸಿಕೆಯ ಕ್ಷೇತ್ರ ಪ್ರಯೋಗದ 1994ರ ವರದಿ, 2005ರಿಂದ 2010ರವರೆಗಿನ ಲಸಿಕೆ ವ್ಯಾಪ್ತಿ ಮತ್ತು ಪರಿಣಾಮದ ಕುರಿತ 2013ರ ಅಧ್ಯಯನ. ಇವುಗಳಲ್ಲಿ ಒಂದು ಸಿಗದಿದ್ದರೂ ಆ ಲೇಖನದ ಶೀರ್ಷಿಕೆ ಓದಿ, ಯಾವ ಪದ ಬಿಟ್ಟಿದ್ದೀರಿ ನೋಡಿ, ಸೇರಿಸಿ, ಮತ್ತೆ ಓಡಿಸಿ.

ನಾಟ್: ಅಧ್ಯಯನಗಳು ಕಳೆದುಹೋಗುವ ಜಾಗ

ಕೆಎಫ್‌ಡಿ ಎಂದರೆ ಕಿಕುಚಿ-ಫುಜಿಮೊಟೊ ಡಿಸೀಸ್ ಕೂಡ ಹೌದು. 1972ರಲ್ಲಿ ಜಪಾನಿನಲ್ಲಿ ವಿವರಿಸಲಾದ, ದುಗ್ಧಗ್ರಂಥಿ ಊದಿಕೊಳ್ಳುವ ಕಾಯಿಲೆ. ಅದರ ಪ್ರಕರಣ ವರದಿಗಳು ಹೇರಳ, ಸಂಕ್ಷೇಪಾಕ್ಷರ ಹಾಕಿದ ಕೂಡಲೇ ನಿಮ್ಮ ಪಟ್ಟಿಗೆ ಬರುತ್ತವೆ. ನಾಟ್ ಕಿಕುಚಿ ಎಂದು ಬರೆಯಲು ಕೈ ತಾನಾಗಿ ಹೋಗುತ್ತದೆ. ಆದರೆ ಎರಡೂ ಕಾಯಿಲೆಗಳನ್ನು ಹೆಸರಿಸಿದ ಲೇಖನ ಒಂದಿದ್ದರೂ ಅದು ಹೋಗುತ್ತದೆ. ಸುರಕ್ಷಿತ ರೂಪ ಇದು:

ಕಿಕುಚಿ ನಾಟ್ (ಕ್ಯಾಸನೂರ್* ಆರ್ ಅಲ್‌ಖುರ್ಮಾ ಆರ್ ಅಲ್‌ಖುಮ್ರಾ)

ಅಂದರೆ ಬೇಡದ್ದನ್ನು ನೇರವಾಗಿ ತೆಗೆಯುತ್ತಿಲ್ಲ. ಬೇಡದ್ದು ಇದ್ದು, ಬೇಕಾದದ್ದು ಯಾವುದೂ ಇಲ್ಲದವುಗಳನ್ನು ಮಾತ್ರ ಒಂದು ಗುಂಪಿಗೆ ತರುತ್ತಿದ್ದೇವೆ. ಪ್ರಾಣಿ ಅಧ್ಯಯನಗಳನ್ನು ಬೇರ್ಪಡಿಸಲು ಸಿಸ್ಟಮ್ಯಾಟಿಕ್ ರಿವ್ಯೂಗಳಿಗೆ ಹೆಸರಾದ ಕಾಕ್ರೇನ್ ಸಂಸ್ಥೆ ಬಳಸುವ ಸೂತ್ರದ ತರ್ಕವೂ ಇದೇ: ನಾಟ್ (ಅನಿಮಲ್ಸ್ ನಾಟ್ ಹ್ಯೂಮನ್ಸ್). ಪ್ರಾಣಿ ಮತ್ತು ಮನುಷ್ಯ ಎರಡೂ ಮೆಶ್ ಪದಗಳಿರುವ ಲೇಖನ ಇದರಲ್ಲಿ ಉಳಿದುಕೊಳ್ಳುತ್ತದೆ.

ಆದರೆ ಆ ಸೂತ್ರ ನಿಂತಿರುವುದು ಮೆಶ್ ಪದಗಳ ಮೇಲೆ. ಪಬ್‌ಮೆಡ್‌ನಲ್ಲಿ ಇನ್ನೂ ಸೂಚೀಕರಣವಾಗದ ಹೊಸ ಲೇಖನದಲ್ಲಿ ಮೆಶ್ ಪದಗಳೇ ಇರುವುದಿಲ್ಲ, ಸ್ಕೋಪಸ್‌ನಿಂದ ಬಂದ ದಾಖಲೆಯಲ್ಲೂ ಇಲ್ಲದಿರಬಹುದು. ಎಂಬೇಸ್ ತನ್ನದೇ ಎಮ್‌ಟ್ರೀ ಪದಗಳನ್ನು ಬಳಸುತ್ತದೆ. ಇದನ್ನು ಮರೆತು ಕೀವರ್ಡ್ ಕಾಲಂನಲ್ಲಿ 'ಹ್ಯೂಮನ್ಸ್' ಇಲ್ಲದ್ದನ್ನೆಲ್ಲ ಕೈಬಿಟ್ಟರೆ ಹೊಸ ಸಾಹಿತ್ಯವೇ ಹೋಗುತ್ತದೆ.

ಮೆಶ್ ಬಿಟ್ಟು ಸಾದಾ ಪದಗಳಿಂದ ಪ್ರಾಣಿ ಅಧ್ಯಯನ ತೆಗೆಯಲು ಹೋಗುವುದು ಇನ್ನೂ ಅಪಾಯ. ನಾಟ್ ಮಂಕಿ ಎಂದರೆ ಮಂಗನ ಕಾಯಿಲೆಯ ಸಾಹಿತ್ಯದಲ್ಲಿ ಏನು ಉಳಿದೀತು? ಊರಲ್ಲಿ ಮಂಗಗಳು ಸತ್ತ ನಂತರ ಜನರಿಗೆ ಜ್ವರ ಬಂತು ಎಂಬುದು ಎಷ್ಟೋ ವರದಿಗಳ ಮೊದಲ ವಾಕ್ಯ. ನಾಟ್ ಮೌಸ್ ಎಂದರೆ ಇನ್ನೂ ಸೂಕ್ಷ್ಮವಾದ ನಷ್ಟ. ಮೊದಲ ಲಸಿಕೆ ತಯಾರಾದದ್ದು ಇಲಿಯ ಮೆದುಳಿನಲ್ಲಿ, ಹಾಗಾಗಿ ಮನುಷ್ಯರ ಮೇಲಿನ ಆ ಪ್ರಯೋಗದ ವರದಿಯ ಶೀರ್ಷಿಕೆಯಲ್ಲೇ 'ಮೌಸ್-ಬ್ರೇನ್ ವ್ಯಾಕ್ಸಿನ್' ಎಂದಿದೆ. ಸಾರಾಂಶವೂ ಇಲ್ಲದ ಆ ಲೇಖನವನ್ನು ಉಳಿಸಲು ಬೇರೆ ಯಾವ ಪದವೂ ನೆರವಿಗೆ ಬರುವುದಿಲ್ಲ. ನಂತರದ ಲಸಿಕೆಗೆ ಬಳಸಿದ್ದು ಕೋಳಿ ಭ್ರೂಣದ ಜೀವಕೋಶಗಳನ್ನು, ಅಲ್ಲಿ 'ಚಿಕ್' ಪದ ಇದೇ ಕೆಲಸ ಮಾಡುತ್ತದೆ.

ಲೇಖನದ ಬಗೆಯಿಂದ ತೆಗೆಯುವುದಿದ್ದರೂ ಎಚ್ಚರ. 'ರಿವ್ಯೂ' ಎಂಬ ಪದ 'ಕೇಸ್ ರೆಕಾರ್ಡ್‌ಗಳನ್ನು ರಿವ್ಯೂ ಮಾಡಿದೆವು' ಎಂದು ಮೂಲ ಅಧ್ಯಯನದಲ್ಲೂ ಬರುತ್ತದೆ. ಸಾರಾಂಶ ಬಿಟ್ಟು ಶೀರ್ಷಿಕೆಯಲ್ಲಿ ಮಾತ್ರ ಹುಡುಕಿ.

ಗುಂಪು, ಲೇಬಲ್, ಓದುವ ಸರದಿ

ಈಗ ನಿಜವಾದ ಕೆಲಸ. ಈ ಸರದಿಯಲ್ಲಿ ಹೋದರೆ ಗೊಂದಲ ಕಡಿಮೆ.

ಮೊದಲು ಕಾಯಿಲೆ ಆ್ಯಂಡ್ ಲಸಿಕೆ ಗುಂಪು. ಬೇಕಾದ ಲೇಖನಗಳು ಇದರಲ್ಲೇ ಹೆಚ್ಚು ಇರುವುದರಿಂದ, ಇಬ್ಬರು ರಿವ್ಯೂವರ್‌ಗಳೂ ಇದನ್ನು ಓದಿ ಭಿನ್ನಾಭಿಪ್ರಾಯ ಬಗೆಹರಿಸಿಕೊಂಡರೆ ಸೇರಿಸುವ ನಿಯಮಗಳು ಆರಂಭದಲ್ಲೇ ಸ್ಪಷ್ಟವಾಗುತ್ತವೆ. ಆಮೇಲೆ 'ಸಾರಾಂಶ ಇಲ್ಲ' ಗುಂಪು. ಮೂರನೆಯದು ಕಾಯಿಲೆ ಇದ್ದು ಲಸಿಕೆಯ ಪದ ಇಲ್ಲದ್ದು. ರೋಗ ಹರಡಿದ ವರದಿಯೊಳಗೆ ಲಸಿಕೆ ಪಡೆದವರೆಷ್ಟು, ಪಡೆಯದವರೆಷ್ಟು ಎಂಬ ಕೋಷ್ಟಕ ಇರಬಹುದಾದ್ದರಿಂದ ಇದನ್ನು ಆತುರದಲ್ಲಿ ಓದಬಾರದು. ಕಿಕುಚಿಯಂಥ ಗದ್ದಲದ ಗುಂಪು ಕೊನೆಗೆ. ಇದರಲ್ಲಿ ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿದರೂ ಸಾಕು, ಆದರೆ ಒಂದೊಂದರ ಮೇಲೂ ಕಣ್ಣು ಹೋಗಲಿ.

ಪ್ರತಿ ಗುಂಪಿಗೂ ಲೇಬಲ್ ಹಾಕಿ, ಅಳಿಸಬೇಡಿ. ಲೇಬಲ್ ಹೆಸರಿನಲ್ಲಿ ತೀರ್ಪು ಇರಕೂಡದು: 'ಕಿಕುಚಿ-ಕ್ಯೂ4' ಸರಿ, 'ಬೇಡದ್ದು' ತಪ್ಪು. ಬ್ಲೈಂಡ್ ಸ್ಕ್ರೀನಿಂಗ್ (ಒಬ್ಬರ ತೀರ್ಪು ಇನ್ನೊಬ್ಬರಿಗೆ ಕಾಣದ ಹಾಗೆ ಓದುವುದು) ನಡೆಯುತ್ತಿರುವಾಗ ನಿಮ್ಮ ಲೇಬಲ್ ಇನ್ನೊಬ್ಬರಿಗೆ ಕಾಣುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ರಯ್ಯಾನ್, ಕೋವಿಡೆನ್ಸ್‌ಗಳಲ್ಲಿ ಸೇರಿಸುವ ಪದ ಹಸಿರಾಗಿ, ಕೈಬಿಡುವ ಪದ ಕೆಂಪಾಗಿ ಹೊಳೆಯುತ್ತದೆ. ಕೆಂಪು ಪಟ್ಟಿಗೆ ಮಂಕಿ, ಮೌಸ್, ಚಿಕ್ ಸೇರಿಸಬೇಡಿ. ದಣಿದ ಕಣ್ಣು ಕೆಂಪು ಕಂಡ ಕೂಡಲೇ ಕೈಬಿಡುತ್ತದೆ.

ಪಟ್ಟಿ ತೀರಾ ದೊಡ್ಡದಿದ್ದು ಕೊನೆಯ ಗುಂಪನ್ನು ಓದದೆ ಬಿಡುವ ಒತ್ತಡ ಬಂದರೆ, ಮಾದರಿ ತೆಗೆದು ನೋಡುವ ಕ್ರಮ ಇದೆ. ಸಿಎಸ್‌ವಿ ಇಳಿಸಿ, ಎಕ್ಸೆಲ್‌ನ ರ‍್ಯಾಂಡ್ ಸೂತ್ರದಿಂದ ಒಂದು ಕಾಲಂ ತುಂಬಿ, ಅದರ ಪ್ರಕಾರ ಜೋಡಿಸಿ, ಮೊದಲ 150 ಓದಿ. ಲೇಖಕರ ಹೆಸರಿನ ಅಥವಾ ವರ್ಷದ ಕ್ರಮದಲ್ಲಿ ಮೊದಲ 150 ತೆಗೆದರೆ ಅದು ಯಾದೃಚ್ಛಿಕ ಮಾದರಿ ಆಗುವುದಿಲ್ಲ. 150ರಲ್ಲಿ ಬೇಕಾದದ್ದು ಒಂದೂ ಸಿಗದಿದ್ದರೆ, 3 ಭಾಗಿಸು 150, ಅಂದರೆ ಶೇ 2ಕ್ಕಿಂತ ಹೆಚ್ಚು ಇರಲಾರದು ಎಂದು ಶೇ 95 ವಿಶ್ವಾಸದಿಂದ ಹೇಳಬಹುದು. ಕೇಳಲು ಸಮಾಧಾನ. ಆದರೆ ಗುಂಪು 3,000 ಲೇಖನಗಳದ್ದಾದರೆ ಶೇ 2 ಎಂದರೆ 60 ಅಧ್ಯಯನ. ಮಂಗನ ಕಾಯಿಲೆಯ ಲಸಿಕೆಯಂಥ, ಅಧ್ಯಯನಗಳೇ ಬೆರಳೆಣಿಕೆಯಷ್ಟಿರುವ ವಿಷಯಕ್ಕೆ ಈ ಭರವಸೆ ಸಾಲದು. ಇಲ್ಲಿ ಎಲ್ಲ ಶೀರ್ಷಿಕೆಗಳನ್ನೂ ಓದುವುದೇ ಸರಿ.

ಬರೆದಿಡಬೇಕಾದದ್ದು

ಒಂದು ಸಾದಾ ಹಾಳೆಯಲ್ಲಿ ಐದು ಕಾಲಂ ಸಾಕು: ದಿನಾಂಕ, ಕ್ವೆರಿ ಇದ್ದ ಹಾಗೇ, ಯಾವ ಕಾಲಂಗಳಲ್ಲಿ ಹುಡುಕಿದ್ದು, ಬಂದ ಸಂಖ್ಯೆ, ಮುಂದೆ ಏನು ಮಾಡಿದ್ದು. ಹೊಸ ಲೇಖನಗಳನ್ನು ನಡುವೆ ಆಮದು ಮಾಡಿದರೆ ಎಲ್ಲ ಕ್ವೆರಿಗಳನ್ನೂ ಮತ್ತೆ ಓಡಿಸಿ. ಹಳೆಯ ಲೇಬಲ್‌ಗಳು ಹೊಸ ದಾಖಲೆಗಳಿಗೆ ತಾವಾಗಿ ಅಂಟುತ್ತವೆ ಎಂದುಕೊಳ್ಳಬೇಡಿ.

ರಿವ್ಯೂ ವರದಿ ಬರೆಯುವ ಮಾರ್ಗಸೂಚಿಯಾದ ಪ್ರಿಸ್ಮಾ 2020ರ ಫ್ಲೋ ಚಾರ್ಟಿನಲ್ಲಿ ಮನುಷ್ಯರು ಓದಿ ಕೈಬಿಟ್ಟದ್ದಕ್ಕೂ ಓದದೆ ತೆಗೆದದ್ದಕ್ಕೂ ಬೇರೆ ಬೇರೆ ಜಾಗ ಇದೆ. ಕ್ವೆರಿಯಿಂದ ಗುಂಪು ಮಾಡಿ ನೀವು ಓದಿದ್ದರೆ ಅದು ಸಾಮಾನ್ಯ ಸ್ಕ್ರೀನಿಂಗ್. ಯಾರೂ ಓದದೆ ಒಟ್ಟಾಗಿ ತೆಗೆದಿದ್ದರೆ ಅದು 'ಸ್ಕ್ರೀನಿಂಗ್‌ಗೆ ಮೊದಲೇ ತೆಗೆದದ್ದು' ಎಂಬ ಪೆಟ್ಟಿಗೆಗೆ ಹೋಗಬೇಕು, ಸಂಖ್ಯೆ ಮತ್ತು ಕಾರಣದೊಂದಿಗೆ.

ಪೂರ್ಣಪಠ್ಯದ ಹಂತದಲ್ಲೂ ಪಿಡಿಎಫ್ ಒಳಗೆ ಹುಡುಕುವ ಅಭ್ಯಾಸ ಹಲವರಿಗಿದೆ. ಹಳೆಯ ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳು ಬರೀ ಚಿತ್ರಗಳಾಗಿರಬಹುದು. ಅಲ್ಲಿ 'ವ್ಯಾಕ್ಸಿನ್' ಎಂದು ಹುಡುಕಿದರೆ ಸೊನ್ನೆ ಬರುತ್ತದೆ, ಪುಟದ ತುಂಬ ಅದೇ ಪದ ಇದ್ದರೂ. ಕಂಟ್ರೋಲ್-ಎ ಒತ್ತಿ ಅಕ್ಷರಗಳು ಆಯ್ಕೆಯಾಗುತ್ತವೆಯೇ ನೋಡಿ. ಆಗದಿದ್ದರೆ ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವುದು) ಮಾಡಿಸಿ, ಆದ ಮೇಲೂ ಕೋಷ್ಟಕಗಳನ್ನು ಕಣ್ಣಿನಿಂದಲೇ ಓದಿ: 3 ಮತ್ತು 8, 1 ಮತ್ತು 7 ಅದಲುಬದಲಾಗುವುದು ಅಲ್ಲೇ.